ಹಳೇ ಜೀಪಿನ ಲೈಟು ಮಂಕಾದರೆ ಮೊದಲು ಅರ್ತ್ ನೋಡಿ

ಮೇ ತಿಂಗಳ ಕೊನೆಗೆ ನಮ್ಮ ತೀರ್ಥಹಳ್ಳಿ ಕಡೆಯ ಹಳೇ ಜೀಪುಗಳೆಲ್ಲ ಎಲೆಕ್ಟ್ರಿಕ್ ಕೆಲಸಕ್ಕೆ ಹೊರಡುತ್ತವೆ. ಅಡಿಕೆ ತೋಟದ್ದು, ಕಾಫಿ ತೋಟದ್ದು, ಶಾಲೆ ಮಕ್ಕಳನ್ನು ಸಾಗಿಸುವ ಕಮಾಂಡರ್ ಜೀಪು, ಸೌದೆ ಹೊರುವ ಮೇಜರ್ ಜೀಪು. ಹೆಚ್ಚಿನವಕ್ಕೆ ಇಪ್ಪತ್ತೈದು, ಮೂವತ್ತು ವರ್ಷ ವಯಸ್ಸು. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿ.ಮೀ.ಗೂ ಹೆಚ್ಚು ಮಳೆ. ಆ ತೇವ ನಾಲ್ಕು ತಿಂಗಳು ಹೋಲ್ಡರಿನೊಳಗೆ ಕೂತರೆ ತಾಮ್ರಕ್ಕೆ ಕಿಲುಬು ಹಿಡಿಯದೆ ಇರುತ್ತದೆಯೇ? ಬರುವವರ ಮಾತು ಮಾತ್ರ ಒಂದೇ: "ಲೈಟು ಮಿಣುಕು ಅಂತದೆ ಮಾರಾಯ, 100 ವ್ಯಾಟಿನ ಬಲ್ಬ್ ಹಾಕು."

ನಾನು ಹಾಕುವುದಿಲ್ಲ. ಹೆಡ್‌ಲೈಟಿನ ಎಚ್4 ಬಲ್ಬು ಅಂದರೆ ಹೈ ಬೀಮ್ 60 ವ್ಯಾಟ್, ಲೋ ಬೀಮ್ 55. ಎರಡು ಹೈ ಬೀಮ್ ಸೇರಿ 120 ವ್ಯಾಟ್, 12 ವೋಲ್ಟಿಗೆ 10 ಆಂಪ್ಸ್. 100 ವ್ಯಾಟಿನದು ಎರಡು ಹಾಕಿದರೆ ಸುಮಾರು 17 ಆಂಪ್ಸ್. ಅಷ್ಟೂ ಕರೆಂಟು ಡ್ಯಾಶ್‌ಬೋರ್ಡಿನ ಹಳೇ ಸ್ವಿಚ್ಚಿನ ಒಳಗಿಂದ, ದಾರದಂಥ ವೈರಿನಲ್ಲಿ ಹೋಗಬೇಕು. ವೈರು ಬಿಸಿಯಾಗುತ್ತದೆ, ವೋಲ್ಟೇಜು ದಾರಿಯಲ್ಲೇ ಸೋರಿಹೋಗುತ್ತದೆ, ಸ್ವಿಚ್ಚು ಕರಗುತ್ತದೆ. ಬೆಳಕು ಮಾತ್ರ ಹೇಳಿಕೊಳ್ಳುವಷ್ಟು ಹೆಚ್ಚುವುದಿಲ್ಲ. ಬಲ್ಬಿಗೆ ಬರುವ ವೋಲ್ಟೇಜು ನೂರಕ್ಕೆ ಹತ್ತು ಪಾಲು ಇಳಿದರೆ ಬೆಳಕು ಸುಮಾರು ಮೂವತ್ತು ಪಾಲು ಇಳಿಯುತ್ತದೆ. ಹಾಗಾಗಿ ದೊಡ್ಡ ಬಲ್ಬು ಹುಡುಕುವುದಕ್ಕಿಂತ ಇದ್ದ ಬಲ್ಬಿಗೆ ಪೂರ್ತಿ ವೋಲ್ಟೇಜು ಮುಟ್ಟಿಸುವುದೇ ಕೆಲಸ. ರಿಫ್ಲೆಕ್ಟರಿನ ಬೆಳ್ಳಿ ಎದ್ದುಹೋಗಿದ್ದರೆ ಮಾತ್ರ ಬೇರೆ ದಾರಿಯಿಲ್ಲ, ಲ್ಯಾಂಪನ್ನೇ ಬದಲಿಸಿ.

ಬೇಕಾದ ಸಾಮಾನು ಕಡಿಮೆ: ಒಂದು ಅಗ್ಗದ ಮಲ್ಟಿಮೀಟರ್, ಮೊಸಳೆ ಕ್ಲಿಪ್ ಹಾಕಿದ ಉದ್ದದ ವೈರು, ಎಮರಿ ಪೇಪರ್, ಮತ್ತು ನೀವೇ ಮಾಡಿಕೊಳ್ಳುವ ಟೆಸ್ಟ್ ಲ್ಯಾಂಪ್. ಇಂಡಿಕೇಟರಿನ 21 ವ್ಯಾಟ್ ಬಲ್ಬಿಗೆ ಎರಡು ವೈರು ಬೆಸುಗೆ ಹಾಕಿದರೆ ಟೆಸ್ಟ್ ಲ್ಯಾಂಪ್ ಆಯಿತು. ಮೀಟರಿಗಿಂತ ನನಗೆ ಇದರ ಮೇಲೇ ನಂಬಿಕೆ ಜಾಸ್ತಿ. ಹತ್ತು ಎಳೆಯಲ್ಲಿ ಒಂಬತ್ತು ತುಂಡಾದ ವೈರಿಗೆ ಮೀಟರ್ ಹಿಡಿದರೂ ಅದು 12 ವೋಲ್ಟ್ ಅಂತಲೇ ತೋರಿಸುತ್ತದೆ, ಏಕೆಂದರೆ ಮೀಟರ್ ಕರೆಂಟನ್ನೇ ಎಳೆಯುವುದಿಲ್ಲ. ಟೆಸ್ಟ್ ಲ್ಯಾಂಪ್ ಎಳೆಯುತ್ತದೆ, ಮಂಕಾಗಿ ಉರಿದು ಸತ್ಯ ಹೇಳುತ್ತದೆ.

ವೈರು ಬಿಚ್ಚುವ ಕೆಲಸವಿದ್ದರೆ ಬ್ಯಾಟರಿಯ ನೆಗೆಟಿವ್ ಮೊದಲು ತೆಗೆಯಿರಿ, ಹಾಕುವಾಗ ಅದನ್ನೇ ಕೊನೆಗೆ ಹಾಕಿ. ನೆಗೆಟಿವ್ ಇರುವಾಗಲೇ ಪಾಸಿಟಿವ್ ಬಿಚ್ಚಹೋಗಿ ಸ್ಪ್ಯಾನರ್ ಬಾಡಿಗೆ ತಾಗಿದರೆ ಕಿಡಿ ಹಾರುತ್ತದೆ. ಬೆರಳಿನ ಉಂಗುರ ತೆಗೆದಿಡಿ. ಬಹಳ ಹಳೆಯ ಗಾಡಿಯಾದರೆ ಮೊದಲು ಬ್ಯಾಟರಿಯ ಯಾವ ಟರ್ಮಿನಲ್ಲಿನ ವೈರು ಬಾಡಿಗೆ ಹೋಗಿದೆ ನೋಡಿಕೊಳ್ಳಿ. ಹಾಗೆ ಬಾಡಿಗೆ ಜೋಡಿಸಿದ್ದೇ ಅರ್ತ್. ಪಾಸಿಟಿವ್ ಅರ್ತಿನವೂ 6 ವೋಲ್ಟಿನವೂ ಇನ್ನೂ ಓಡಾಡುತ್ತಿವೆ. ಇಲ್ಲಿ ಹೇಳುತ್ತಿರುವುದು 12 ವೋಲ್ಟ್, ನೆಗೆಟಿವ್ ಅರ್ತಿನ ಲೆಕ್ಕ.

ಬ್ಯಾಟರಿಯಿಂದ ಶುರು ಮಾಡೋಣ. ರಾತ್ರಿಯಿಡೀ ನಿಂತ ಗಾಡಿಯಲ್ಲಿ 12.6 ವೋಲ್ಟ್ ಇದ್ದರೆ ಬ್ಯಾಟರಿ ತುಂಬಿದೆ, 12.2 ಅಂದರೆ ಅರ್ಧ, 12ಕ್ಕೆ ಇಳಿದರೆ ಹೆಚ್ಚುಕಡಿಮೆ ಖಾಲಿ. ಇಂಜಿನ್ ಸ್ಟಾರ್ಟ್ ಮಾಡಿ ಸ್ವಲ್ಪ ರೇಸ್ ಕೊಟ್ಟು ನೋಡಿ, 13.8ರಿಂದ 14.4ರ ನಡುವೆ ಇರಬೇಕು. 13ಕ್ಕಿಂತ ಕಡಿಮೆಯಾದರೆ ಫ್ಯಾನ್ ಬೆಲ್ಟ್ ಸಡಿಲವೋ, ಇಂಜಿನ್ ಓಡುವಾಗ ಬ್ಯಾಟರಿ ಚಾರ್ಜ್ ಮಾಡುವ ಆಲ್ಟರ್ನೇಟರಿನ ಕಾರ್ಬನ್ ಬ್ರಷ್ ಸವೆದಿದೆಯೋ ನೋಡಿ. 15 ದಾಟಿದರೆ ಆ ವೋಲ್ಟೇಜನ್ನು ಹಿಡಿತದಲ್ಲಿಡುವ ರೆಗ್ಯುಲೇಟರ್ ಹೋಗಿದೆ. ತಿಂಗಳಿಗೊಮ್ಮೆ ಬಲ್ಬ್ ಸುಟ್ಟುಹೋಗುವ, ಬ್ಯಾಟರಿ ನೀರು ಬೇಗ ಒಣಗುವ ಗಾಡಿಗಳ ರೋಗ ಇದು. ಮಾಲೀಕರು ಮಾತ್ರ ಬಲ್ಬಿನ ಕಂಪನಿಯನ್ನು ಬೈಯುತ್ತಿರುತ್ತಾರೆ.

ಕೀ ಹಾಕಿದಾಗ ಡ್ಯಾಶ್‌ಬೋರ್ಡಿನಲ್ಲಿ ಉರಿಯುವ ಚಾರ್ಜಿಂಗಿನ ಪುಟ್ಟ ಕೆಂಪು ಬಲ್ಬನ್ನು ಯಾರೂ ಲೆಕ್ಕಕ್ಕೆ ಇಡುವುದಿಲ್ಲ. ಹಳೇ ಆಲ್ಟರ್ನೇಟರುಗಳಲ್ಲಿ ಬಹಳಷ್ಟಕ್ಕೆ ಮೊದಲ ಕರೆಂಟು ಹೋಗುವುದೇ ಆ ಬಲ್ಬಿನ ಮೂಲಕ. ಅದು ಸುಟ್ಟಿದ್ದರೆ ಆಲ್ಟರ್ನೇಟರ್ ಚಾರ್ಜ್ ಮಾಡದೆಯೇ ಕೂರಬಹುದು, ಇಲ್ಲವೇ ಜೋರಾಗಿ ರೇಸ್ ಕೊಟ್ಟ ಮೇಲಷ್ಟೇ ಎಚ್ಚರಾಗಬಹುದು. ಆಲ್ಟರ್ನೇಟರ್ ಬಿಚ್ಚಿ ತರುವ ಮೊದಲು ಕೀ ತಿರುಗಿಸಿ ಕೆಂಪು ಬೆಳಕು ಬರುತ್ತದಾ ನೋಡಿ. ಇನ್ನೊಂದು ಮಾತು: ಇಂಜಿನ್ ಓಡುವಾಗ ಬ್ಯಾಟರಿ ವೈರು ಕಿತ್ತು "ಚಾರ್ಜ್ ಆಗ್ತಿದೆಯಾ" ಅಂತ ನೋಡುವ ಚಾಳಿ ಡೈನಮೋ ಕಾಲದ್ದು. ಆಲ್ಟರ್ನೇಟರಿನಲ್ಲಿ ಹಾಗೆ ಮಾಡಿದರೆ ವೋಲ್ಟೇಜು ಒಮ್ಮೆಲೇ ಏರಿ, ಕರೆಂಟನ್ನು ಒಂದೇ ದಿಕ್ಕಿಗೆ ಬಿಡುವ ಅದರೊಳಗಿನ ಡಯೋಡ್ ಹಾರಿಹೋಗಬಹುದು.

ಇನ್ನು ಅರ್ತ್. ಬ್ರೇಕ್ ಒತ್ತಿದರೆ ಇಂಡಿಕೇಟರ್ ಮಿಣುಕುವುದು, ಇಂಡಿಕೇಟರ್ ಹಾಕಿದರೆ ಪಾರ್ಕ್ ಲೈಟು ಕುಣಿಯುವುದು, ಹಿಂದಿನ ಲೈಟೆಲ್ಲ ಒಟ್ಟಿಗೆ ಮಂಕಾಗುವುದು, ಇವೆಲ್ಲ ಬಹುತೇಕ ಅರ್ತಿನ ದೂರುಗಳೇ. ಬಲ್ಬಿಗೆ ಹೋದ ಕರೆಂಟು ಬಾಡಿಯ ಮೂಲಕ ಬ್ಯಾಟರಿಗೆ ವಾಪಸ್ ಬರಬೇಕು. ಆ ದಾರಿ ಮುಚ್ಚಿದರೆ ಅದು ಪಕ್ಕದ ಬಲ್ಬಿನ ಫಿಲಮೆಂಟಿನೊಳಗೆ ನುಗ್ಗಿ ದಾರಿ ಹುಡುಕುತ್ತದೆ, ಹೆದ್ದಾರಿ ಬಂದ್ ಆದಾಗ ಲಾರಿಗಳು ಹಳ್ಳಿ ರಸ್ತೆಗೆ ಇಳಿದ ಹಾಗೆ. ಜೀಪಿನ ಟೈಲ್ ಲ್ಯಾಂಪು ಬಾಡಿಗೆ ಕೂತ ಜಾಗಕ್ಕೆ ಎಷ್ಟು ಸಲ ಪೇಂಟ್ ಬಳಿದಿದ್ದಾರೋ ದೇವರೇ ಬಲ್ಲ. ಪೇಂಟಿನ ಮೇಲೆ ತುಕ್ಕು, ತುಕ್ಕಿನ ಮೇಲೆ ಮತ್ತೆ ಪೇಂಟು. ಅದರ ಮೂಲಕ ಕರೆಂಟು ಹೋಗು ಅಂದರೆ ಎಲ್ಲಿಗೆ ಹೋಗುತ್ತದೆ?

ಪರೀಕ್ಷೆ ಸುಲಭ. ಲೈಟು ಉರಿಯುತ್ತಿರಲಿ. ಮೊಸಳೆ ಕ್ಲಿಪ್ಪಿನ ವೈರಿನ ಒಂದು ತುದಿ ಬ್ಯಾಟರಿಯ ನೆಗೆಟಿವ್‌ಗೆ, ಇನ್ನೊಂದು ಲ್ಯಾಂಪಿನ ಹೋಲ್ಡರಿನ ಮೈಗೆ ಹಿಡಿಯಿರಿ. ಬೆಳಕು ಥಟ್ಟನೆ ಏರಿದರೆ ಅರ್ತೇ ಕೆಟ್ಟಿದೆ. ಮೀಟರಿದ್ದರೆ ಅದೇ ಎರಡು ಜಾಗದ ನಡುವೆ ವೋಲ್ಟ್ ಅಳೆಯಿರಿ: 0.1, 0.2 ಪರವಾಗಿಲ್ಲ, ಅರ್ಧ ವೋಲ್ಟ್ ದಾಟಿದರೆ ಬಿಚ್ಚಿ ಎಮರಿ ಉಜ್ಜಿ. ಹಿಂದಿನ ಲ್ಯಾಂಪುಗಳಿಗೆ ನಾನು ಬಾಡಿಯನ್ನು ನಂಬದೆ ಚಾಸಿಗೆ ಬೇರೆ ಅರ್ತ್ ವೈರನ್ನೇ ಎಳೆಯುತ್ತೇನೆ. ಇಂಜಿನ್ನಿಗೂ ಚಾಸಿಗೂ ಇರುವ ಹೆಣೆದ ಅರ್ತ್ ಪಟ್ಟಿಯನ್ನೂ ನೋಡಿ. ಅದು ತುಂಡಾದರೆ ಸೆಲ್ಫ್ ಮೋಟಾರಿನ ಕರೆಂಟು ಆಕ್ಸಿಲರೇಟರ್ ಕೇಬಲ್ಲಿನಲ್ಲಿ ವಾಪಸ್ ಬರುತ್ತದೆ. ಸೆಲ್ಫ್ ಹೊಡೆದ ಮೇಲೆ ಕೇಬಲ್ ಮುಟ್ಟಿ ನೋಡಿ, ಬಿಸಿಯಿದ್ದರೆ ಗೊತ್ತಾಯಿತಲ್ಲ.

ಹೆಡ್‌ಲೈಟಿನ ಪಾಸಿಟಿವ್ ಕಡೆಗೂ ಇದೇ ಲೆಕ್ಕ. ಲೈಟು ಉರಿಯುವಾಗ ಬ್ಯಾಟರಿಯ ಪಾಸಿಟಿವ್‌ಗೂ ಬಲ್ಬಿನ ಪಿನ್ನಿಗೂ ನಡುವೆ ಅಳೆದರೆ ಹಳೇ ಗಾಡಿಯಲ್ಲಿ ಒಂದೂವರೆ, ಎರಡು ವೋಲ್ಟ್ ಸೋರಿರುವುದು ಕಾಣುತ್ತದೆ. ಇದಕ್ಕೆ ಮದ್ದು ರಿಲೇ, ಅಂದರೆ ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟನ್ನು ಹಾಕಿ ಆರಿಸುವ ಸ್ವಿಚ್ಚು. ಹೈ ಬೀಮಿಗೆ ಒಂದು, ಲೋ ಬೀಮಿಗೆ ಒಂದು. ರಿಲೇ ತಳದಲ್ಲಿ ನಂಬರು ಇರುತ್ತದೆ: 30ಕ್ಕೆ ಬ್ಯಾಟರಿಯಿಂದ ನೇರ ವೈರು, 87ರಿಂದ ಬಲ್ಬಿಗೆ, 86ಕ್ಕೆ ಮೊದಲು ಬಲ್ಬಿಗೆ ಹೋಗುತ್ತಿದ್ದ ಹಳೇ ವೈರು, 85 ಅರ್ತಿಗೆ. ವೈರು 2.5 ಚದರ ಮಿ.ಮೀ. ಇರಲಿ, ಬ್ಯಾಟರಿ ಬುಡದಲ್ಲೇ 15 ಆಂಪ್ಸ್ ಫ್ಯೂಸ್ ಇರಲಿ. ಈಗ ಹಳೇ ಸ್ವಿಚ್ಚಿನ ಮೇಲೆ ಭಾರವಿಲ್ಲ. ಅದೇ 60 ವ್ಯಾಟಿನ ಬಲ್ಬು ಬೇರೆಯೇ ಆಗಿ ಕಾಣುತ್ತದೆ.

ಬ್ರೇಕ್ ಲೈಟು ಬರದಿದ್ದರೆ ಬ್ರೇಕ್ ಸ್ವಿಚ್ಚಿನ ಎರಡು ವೈರನ್ನು ಒಂದಕ್ಕೊಂದು ಮುಟ್ಟಿಸಿ. ಲೈಟು ಬಂದರೆ ಸ್ವಿಚ್ಚು ಹೋಗಿದೆ. ಅದು ಬ್ರೇಕ್ ಆಯಿಲ್ ಲೈನಿಗೆ ಕೂತ ಸ್ವಿಚ್ಚಾದರೆ ಬದಲಿಸಿದ ಮೇಲೆ ಲೈನಿನೊಳಗಿನ ಏರ್ ತೆಗೆಯಲೇಬೇಕು, ಮರೆತು ಘಾಟಿ ಇಳಿಯಬೇಡಿ. ಎರಡು ಫಿಲಮೆಂಟಿನ ಬಲ್ಬಿಗೆ ಪಕ್ಕದ ಗುಬ್ಬಿಗಳು ಒಂದು ಮೇಲೆ ಒಂದು ಕೆಳಗೆ ಇರುತ್ತವೆ. ಒತ್ತಿ ತಿರುಚಿ ಉಲ್ಟಾ ಕೂರಿಸಿದರೆ ಪಾರ್ಕ್ ಜೋರಾಗಿಯೂ ಬ್ರೇಕ್ ಮಂಕಾಗಿಯೂ ಉರಿಯುತ್ತದೆ. ಇಂಡಿಕೇಟರ್ ಅವಸರವಾಗಿ ಹೊಡೆದುಕೊಂಡರೆ ಆ ಕಡೆ ಒಂದು ಬಲ್ಬು ಹೋಗಿದೆ. ಇಂಡಿಕೇಟರನ್ನು ಮಿಟುಕಿಸುವ ಫ್ಲ್ಯಾಷರ್ ಹಳೇ ಬಿಸಿಯಾಗುವ ಜಾತಿಯದಾದರೆ ಇದು ತಿರುಗುಮುರುಗು: ನಿಧಾನವಾಗುತ್ತದೆ, ಅಥವಾ ಮಿಟುಕದೆ ಸುಮ್ಮನೆ ಉರಿಯುತ್ತದೆ. ಎಲ್‌ಇಡಿ ಹಾಕಿದವರು ಫ್ಲ್ಯಾಷರನ್ನೂ ಎಲ್‌ಇಡಿಯದ್ದೇ ಹಾಕಿ.

ಫ್ಯೂಸ್ ಮತ್ತೆ ಮತ್ತೆ ಹೋಗುತ್ತದೆಯೇ? ಸಿಗರೇಟಿನ ಬೆಳ್ಳಿ ಕಾಗದ ಸುತ್ತಿದ ಫ್ಯೂಸುಗಳನ್ನು ನಾನು ಕಂಡಾಗೆಲ್ಲ ಮಾಲೀಕರ ಎದುರೇ ಬಿಸಾಡುತ್ತೇನೆ. ಬೆಂಕಿ ಹತ್ತುವುದು ಅಲ್ಲಿಂದಲೇ. ಫ್ಯೂಸಿನ ಜಾಗಕ್ಕೆ ಟೆಸ್ಟ್ ಲ್ಯಾಂಪ್ ಸಿಕ್ಕಿಸಿ, ಆ ಸಾಲಿನ ಬಲ್ಬುಗಳನ್ನು ಕಳಚಿ, ಸ್ವಿಚ್ ಹಾಕಿ. ಶಾರ್ಟ್ ಇರುವವರೆಗೆ ಲ್ಯಾಂಪ್ ಜೋರಾಗಿ ಉರಿಯುತ್ತದೆ. ಈಗ ವೈರನ್ನು ಒಂದೊಂದೇ ಕಡೆ ಅಲುಗಿಸುತ್ತ ಬನ್ನಿ, ಎಲ್ಲಿ ಅಲುಗಿಸಿದಾಗ ಆರಿತೋ ಅಲ್ಲೇ ಕಳ್ಳ. ಚಾಸಿನ ತೂತಿನಲ್ಲಿ ರಬ್ಬರ್ ಬಿದ್ದುಹೋದ ಜಾಗ, ಸ್ಟೇರಿಂಗ್ ಕೆಳಗೆ, ಹಿಂಬಾಗಿಲ ಕೀಲು, ಟ್ರೇಲರ್ ಸಾಕೆಟ್, ಯಾರೋ ಸೇರಿಸಿದ ಫಾಗ್ ಲ್ಯಾಂಪಿನ ವೈರು, ಈ ಕ್ರಮದಲ್ಲಿ ನೋಡಿ. ಅಡಿಕೆ ಮೂಟೆ ಇಟ್ಟ ಶೆಡ್ಡಿನಲ್ಲಿ ಗಾಡಿ ನಿಲ್ಲುತ್ತಿದ್ದರೆ ಇಲಿಯನ್ನೂ ಸೇರಿಸಿಕೊಳ್ಳಿ.

ಬೆಳಗ್ಗೆ ಬ್ಯಾಟರಿ ಸತ್ತಿರುತ್ತದೆ ಅನ್ನುವವರು ನೆಗೆಟಿವ್ ವೈರು ತೆಗೆದು, ಟರ್ಮಿನಲ್ಲಿಗೂ ವೈರಿಗೂ ನಡುವೆ ಮೀಟರನ್ನು 10 ಆಂಪ್ಸಿನಲ್ಲಿಟ್ಟು ಜೋಡಿಸಿ. ಆಗ ಸೆಲ್ಫ್ ಹೊಡೆಯಬೇಡಿ, ಮೀಟರ್ ಹೋಗುತ್ತದೆ. ಎಲೆಕ್ಟ್ರಾನಿಕ್ಸ್ ಇಲ್ಲದ ಜೀಪಿನಲ್ಲಿ ಇದು ಹೆಚ್ಚುಕಡಿಮೆ ಸೊನ್ನೆ ಇರಬೇಕು. ರೇಡಿಯೊ ಇದ್ದರೂ 50 ಮಿಲಿಆಂಪ್ಸ್ ದಾಟಬಾರದು. ದಾಟಿದರೆ ಫ್ಯೂಸುಗಳನ್ನು ಒಂದೊಂದಾಗಿ ಕೀಳಿ. ಯಾವುದಕ್ಕೂ ಇಳಿಯದಿದ್ದರೆ ನೆಗೆಟಿವ್ ಬಿಚ್ಚಿಟ್ಟುಕೊಂಡು ಆಲ್ಟರ್ನೇಟರಿನ ದಪ್ಪ ವೈರನ್ನು ತೆಗೆದು, ತುದಿಗೆ ಟೇಪ್ ಸುತ್ತಿ ಮತ್ತೆ ಅಳೆಯಿರಿ. ಆಗ ಸೊನ್ನೆಯಾದರೆ ಡಯೋಡ್ ಸೋರುತ್ತಿದೆ.

ಉಜ್ಜಿದ ಎಲ್ಲ ವೈರಿನ ಜೋಡಣೆಗೂ, ಬೋಲ್ಟ್ ಬಿಗಿದ ಮೇಲೆ, ತೆಳುವಾಗಿ ವ್ಯಾಸಲೀನ್ ಸವರಿ. ಹೆಡ್‌ಲೈಟು ಜೋರಾದ ಮೇಲೆ ಫೋಕಸ್ಸನ್ನೂ ನೋಡಬೇಕು. ಆಗುಂಬೆಯ ತಿರುವಿನಲ್ಲಿ ಎದುರು ಬರುವವನ ಕಣ್ಣಿಗೆ ಹೊಡೆದರೆ ಕಷ್ಟ. ಸಮತಟ್ಟು ಜಾಗದಲ್ಲಿ ಗೋಡೆಯಿಂದ ಏಳೂವರೆ ಮೀಟರ್ ದೂರ ನಿಲ್ಲಿಸಿ, ದಿನವೂ ಹೇರುವಷ್ಟು ಲೋಡು ಹಿಂದೆ ಇರಲಿ. ಲೋ ಬೀಮಿನ ಮೇಲಂಚು ಲ್ಯಾಂಪಿನ ನಡುಮಟ್ಟಕ್ಕಿಂತ ಏಳೆಂಟು ಸೆಂಟಿಮೀಟರ್ ಕೆಳಗೆ ಬೀಳುವ ಹಾಗೆ ಸ್ಕ್ರೂ ತಿರುಗಿಸಿ.