ಫಿಂಚ್ ಮರಿ ಮಾಡಿಸಬೇಕೇ? ಗೂಡು ಕಟ್ಟಕಡೆಗೆ ಇಡಿ

ಜೀಬ್ರಾ ಫಿಂಚ್ ಜೋಡಿ ತಂದವರು ಮೊದಲ ದಿನವೇ ಪಂಜರಕ್ಕೊಂದು ಗೂಡು ನೇತುಹಾಕಿಬಿಡುತ್ತಾರೆ. ಎರಡು ವಾರ ಕಳೆಯುವುದರೊಳಗೆ ಮೊಟ್ಟೆಯೂ ಬಂದಿರುತ್ತದೆ. ಫಜೀತಿ ಶುರುವಾಗುವುದು ಆಮೇಲೆ. ಹೆಣ್ಣು ಸೊರಗುತ್ತದೆ, ಮೊಟ್ಟೆ ಕಲ್ಲಾಗುತ್ತದೆ, ಒಡೆದರೂ ಮರಿ ನಿಲ್ಲುವುದಿಲ್ಲ.

ಆಸ್ಟ್ರೇಲಿಯಾದ ಒಣಬಯಲಿನ ಹಕ್ಕಿ ಇದು. ಮಳೆ ಬಿದ್ದು ಹುಲ್ಲು ಕಾಳುಕಟ್ಟಿದರೆ ಸಾಕು, ಮರಿ ಮಾಡಲು ಕೂರುತ್ತದೆ. ಮನೆಯೊಳಗೆ ಕಾಳು, ನೀರು ತಪ್ಪದೆ ಸಿಗುವುದರಿಂದ ಅದರ ಲೆಕ್ಕದಲ್ಲಿ ವರ್ಷಪೂರ್ತಿ ಸುಗ್ಗಿ. ಹಾಗಾಗಿ ಯಾವಾಗ ಶುರು, ಎಲ್ಲಿಗೆ ಸಾಕು ಎಂಬುದನ್ನು ಸಾಕುವವರೇ ಗೊತ್ತುಮಾಡಬೇಕು.

1. ಜೋಡಿ ನೋಡುವುದು

ಗಂಡಿಗೆ ಕಿತ್ತಳೆ ಕೆನ್ನೆ, ಎದೆಯ ಮೇಲೆ ಸಣ್ಣ ಕಪ್ಪು ಗೆರೆಗಳು, ಪಕ್ಕೆಯ ಕಂದಿನ ಮೇಲೆ ಬಿಳಿ ಚುಕ್ಕೆ. ಹೆಣ್ಣು ಬೂದು ಬಣ್ಣ. ಬಿಳಿ ತಳಿಯಲ್ಲಿ ಕೊಕ್ಕು ನೋಡಿ: ಗಂಡಿನದು ಕಡುಕೆಂಪು, ಹೆಣ್ಣಿನದು ಕಿತ್ತಳೆ. ಹಾಡುವುದು ಗಂಡು ಮಾತ್ರ. ಮೂರು ತಿಂಗಳಿಗೇ ಪ್ರಾಯ ಬಂದರೂ ಹೆಣ್ಣಿಗೆ ಕನಿಷ್ಠ 6 ತಿಂಗಳಾಗಲಿ. 9 ಆದರೆ ಇನ್ನೂ ನಿಶ್ಚಿಂತೆ. ಒಂದೇ ಪಂಜರದಿಂದ ಹಿಡಿದುಕೊಟ್ಟ ಜೋಡಿ ಅಣ್ಣ ತಂಗಿಯಾಗಿರಬಹುದು. ಗಂಡು ಒಂದು ಕಡೆಯಿಂದ, ಹೆಣ್ಣು ಇನ್ನೊಂದು ಕಡೆಯಿಂದ ತನ್ನಿ.

ಒಂದು ಜೋಡಿ ಇಡಿ, ಇಲ್ಲವೇ ಮೂರಕ್ಕೆ ಏರಿಸಿ. ಎರಡೇ ಜೋಡಿ ಇದ್ದರೆ ಬಲವಾದದ್ದು ಇನ್ನೊಂದನ್ನು ದಿನವಿಡೀ ಅಟ್ಟಾಡಿಸುತ್ತದೆ.

2. ಜಾಗ, ಬೆಳಕು

ಪಂಜರ ಎತ್ತರಕ್ಕಿಂತ ಉದ್ದವಾಗಿರಲಿ. ಫಿಂಚ್ ಅಡ್ಡಡ್ಡ ಹಾರುವ ಹಕ್ಕಿ. ಒಂದು ಜೋಡಿಗೆ 90 ಸೆಂ.ಮೀ. ಉದ್ದವಿದ್ದರೆ ಆರಾಮ. ದಿನಕ್ಕೆ 12ರಿಂದ 14 ಗಂಟೆ ಬೆಳಕು ಬೇಕು, ಅದಕ್ಕೊಂದು ಟೈಮರ್ ಹಾಕಿ. ರಾತ್ರಿ ದೀಪ ಫಕ್ಕನೆ ಆರಿದರೆ ಹೊರಗಿದ್ದ ಹಕ್ಕಿಗೆ ಗೂಡಿನ ಬಾಯಿ ಸಿಗದೆ ಮೊಟ್ಟೆ ತಣ್ಣಗಾಗುತ್ತದೆ. ಮೂಲೆಯಲ್ಲೊಂದು ಮಂದ ಬಲ್ಬ್ ಉರಿಯುತ್ತಿರಲಿ. ಅಡುಗೆಮನೆಯ ಹತ್ತಿರವಂತೂ ಬೇಡ. ಸೀದ ನಾನ್‌ಸ್ಟಿಕ್ ಪಾತ್ರೆಯ ಹೊಗೆ ನಿಮಿಷಗಳಲ್ಲಿ ಹಕ್ಕಿಯನ್ನು ಕೊಲ್ಲಬಲ್ಲದು.

3. ಮೂರು ವಾರದ ತಯಾರಿ

ಗೂಡು ಇಡುವುದಕ್ಕೆ ಮುಂಚೆ ಹೆಣ್ಣಿಗೆ ಮೈ ತುಂಬಬೇಕು. ಬರೀ ಒಣ ನವಣೆ ಸಾಲದು. ಮೊಳಕೆ ಬರಿಸಿದ ಕಾಳು, ಸೊಪ್ಪು, ಬೇಯಿಸಿದ ಮೊಟ್ಟೆಯನ್ನು ಪುಡಿಮಾಡಿ ಒಂದು ಚಮಚ. ಮಿಕ್ಕಿದ್ದನ್ನು ಕೆಲವೇ ಗಂಟೆಯಲ್ಲಿ ತೆಗೆದುಬಿಡಿ, ಹಳಸಿದರೆ ವಿಷ. ಕಟಲ್‌ಬೋನ್ (ಕಟಲ್‌ಫಿಶ್ ಎಂಬ ಕಡಲಜೀವಿಯ ಸುಣ್ಣದ ಒಳಚಿಪ್ಪು) ಮಾತ್ರ ಸದಾ ಇರಲಿ. ಸುಣ್ಣದಂಶ ಕಡಿಮೆಯಾದರೆ ಮೊಟ್ಟೆ ಒಳಗೇ ಸಿಕ್ಕಿಕೊಳ್ಳುತ್ತದೆ. ಗರಿ ಉಬ್ಬಿಸಿಕೊಂಡು, ಬಾಲ ಆಡಿಸುತ್ತ, ನೆಲದ ಮೂಲೆಯಲ್ಲಿ ಕೂತ ಹೆಣ್ಣು ಕಂಡರೆ ತಡಮಾಡಬೇಡಿ. ಬೆಚ್ಚಗಿನ ಡಬ್ಬಿಗೆ ಹಾಕಿ ನೇರ ಪಶುವೈದ್ಯರ ಬಳಿಗೆ ಹೋಗಿ. ಒತ್ತಿ ತೆಗೆಯಲು ಹೋಗಲೇಬೇಡಿ.

4. ಈಗ ಗೂಡು

ಸುಮಾರು 12 ಸೆಂ.ಮೀ. ಚೌಕದ, ಮುಂಭಾಗ ಅರ್ಧ ತೆರೆದ ಮರದ ಪೆಟ್ಟಿಗೆ ನನಗೆ ಹಿಡಿಸಿದೆ; ಬುಟ್ಟಿಗೂಡಿಗಿಂತ ತೊಳೆಯುವುದು ಸುಲಭ. ಗುಂಪಿನಲ್ಲಿ ಸಾಕಿದ್ದರೆ ಜೋಡಿಗೆರಡು ಪೆಟ್ಟಿಗೆ, ಎಲ್ಲವೂ ಒಂದೇ ಎತ್ತರದಲ್ಲಿ. ಮೇಲಿನ ಮನೆಗಾಗಿ ಜಗಳ ಕಾದೇ ಕಾಯುತ್ತವೆ. ಒಳಗೆ ಹಾಸಲು ಒಣಹುಲ್ಲು, ಬೆರಳುದ್ದಕ್ಕೆ ಕತ್ತರಿಸಿದ ತೆಂಗಿನ ನಾರು. ದಾರ, ಹತ್ತಿ, ಕೂದಲು ಬೇಡ; ಕಾಲಿಗೆ ಸುತ್ತಿಕೊಂಡು ರಕ್ತದ ಓಟ ನಿಲ್ಲಿಸುತ್ತವೆ.

ನಾನು ಮುಗ್ಗರಿಸಿದ್ದು ಇಲ್ಲೇ. ಗಂಡು ನಾರು ಕಚ್ಚಿಕೊಂಡು ಓಡಾಡುವ ಸಂಭ್ರಮ ನೋಡಿ ದಿನವೂ ಒಂದು ಹಿಡಿ ಹಾಕುತ್ತಿದ್ದೆ. ತಿಂಗಳಾದರೂ ಮರಿಯ ದನಿಯಿಲ್ಲ. ಪೆಟ್ಟಿಗೆ ಬಿಚ್ಚಿದರೆ ಮೊಟ್ಟೆ, ಮೇಲೊಂದು ಪದರ ನಾರು, ಅದರ ಮೇಲೆ ಮತ್ತೆ ಮೊಟ್ಟೆ, ಮತ್ತೆ ನಾರು! ಗಂಡಿಗೆ ನಾರು ಸಿಗುವಷ್ಟು ದಿನ ಕಟ್ಟುವ ಹುಚ್ಚು ಇಳಿಯುವುದಿಲ್ಲ. ಮೊದಲ ಮೊಟ್ಟೆ ಕಂಡ ದಿನವೇ ನೆಲದ ಮೇಲಿನ ಕಡೆಯ ಎಳೆಯನ್ನೂ ಹೆಕ್ಕಿ ತೆಗೆಯಿರಿ.

5. ಕಾವು

ದಿನಕ್ಕೊಂದರಂತೆ 4ರಿಂದ 6 ಮೊಟ್ಟೆ. ಮೂರು ನಾಲ್ಕಾದ ಮೇಲೆ ಗಟ್ಟಿಯಾಗಿ ಕಾವಿಗೆ ಕೂರುತ್ತವೆ, ಗಂಡು ಹೆಣ್ಣು ಸರದಿಯಲ್ಲಿ. ಅಲ್ಲಿಂದ 12ರಿಂದ 14 ದಿನ. ಏಳನೆಯ ದಿನ ಎರಡೂ ಹೊರಗಿರುವಾಗ ಸಣ್ಣ ಟಾರ್ಚ್ ಬೆಳಕು ಹಾಯಿಸಿದರೆ ಫಲಿತ ಮೊಟ್ಟೆಯಲ್ಲಿ ಕೆಂಪು ಎಳೆಗಳು ಜೇಡರಬಲೆಯಂತೆ ಹರಡಿರುವುದು ಕಾಣುತ್ತದೆ. ಒಮ್ಮೆ ನೋಡಿದ್ದು ಸಾಕು. ಗಳಿಗೆಗೊಮ್ಮೆ ಇಣುಕಿದರೆ ಗೂಡು ಬಿಟ್ಟುಹೋಗುತ್ತವೆ. ಸ್ನಾನದ ತಟ್ಟೆ ತಪ್ಪಿಸಬೇಡಿ. ಗಾಳಿ ತೀರಾ ಒಣಗಿದ್ದರೆ ಮರಿ ಚಿಪ್ಪಿನೊಳಗೇ ಅಂಟಿಕೊಳ್ಳುತ್ತದೆ.

6. ಮರಿ

ಮೊದಲೆರಡು ದಿನ ಸದ್ದೇ ಇರದು, ಆಮೇಲೆ ಕೀಚಲು ದನಿ ಶುರು. ಮರಿಯ ಕತ್ತಿನ ಪಕ್ಕ ನೋಡಿ: ತೆಳುಚರ್ಮದ ಚೀಲದಲ್ಲಿ ಕಾಳು ಕಾಣುತ್ತಿದ್ದರೆ ಹೊಟ್ಟೆ ತುಂಬಿದೆ. ಮೊಟ್ಟೆಪುಡಿ, ಮೊಳಕೆಕಾಳು ಈಗ ದಿನಕ್ಕೆರಡು ಸಲ. 18ರಿಂದ 21 ದಿನಕ್ಕೆ ಗೂಡು ಬಿಟ್ಟರೂ ಸ್ವಂತ ತಿನ್ನಲು ಕಲಿಯುವುದು 35ನೆಯ ದಿನದ ಹೊತ್ತಿಗೆ. ಆರು ವಾರ ತುಂಬಿದ ಮೇಲೆ ಬೇರೆ ಪಂಜರಕ್ಕೆ ಬಿಡಿ, ಆದರೆ ಅಪ್ಪನ ದನಿ ಕೇಳುವಷ್ಟು ಹತ್ತಿರ. ಗಂಡುಮರಿ ಹಾಡು ಕಲಿಯುವುದು ಎರಡು ತಿಂಗಳೊಳಗೆ, ಹೆಚ್ಚಾಗಿ ಅಪ್ಪನಿಂದಲೇ.

7. ಗೂಡು ತೆಗೆಯುವುದು

ಮರಿ ಮಾಡಿಸುವುದು ವರ್ಷಕ್ಕೆ ಎರಡು ಸಲ, ಹೆಚ್ಚೆಂದರೆ ಮೂರು. ಆಮೇಲೆ ಪೆಟ್ಟಿಗೆ ಬಿಚ್ಚಿ ತೊಳೆದು ಎತ್ತಿಡಿ, ಮೊಟ್ಟೆಪುಡಿ ನಿಲ್ಲಿಸಿ, ಬೆಳಕನ್ನು 10 ಗಂಟೆಗೆ ಇಳಿಸಿ. ಹಟಮಾರಿ ಹೆಣ್ಣು ಕಾಳಿನ ಬಟ್ಟಲಲ್ಲೇ ಮೊಟ್ಟೆ ಇಟ್ಟು ಕೂತೀತು. ಆಗ ಬಟ್ಟಲು ತೆಗೆದು, ಕೂರಲಾಗದಂಥ ಸಣ್ಣ ಬಾಯಿಯ ಕೊಳವೆಡಬ್ಬಿಯಲ್ಲಿ ಕಾಳು ಹಾಕಿ.