ಬೆಂಗಳೂರಿಗೆ ಹೊಸಬರೇ? ಹಣ ಕಳುಹಿಸುವ ಮುನ್ನ ಇಲ್ಲಿನ ರೂಢಿ ತಿಳಿಯಿರಿ

ಊರು ಬಿಟ್ಟು ಬಂದ ಮೊದಲ ತಿಂಗಳಲ್ಲಿ ಮನೆ ಹುಡುಕುವುದು, ಗ್ಯಾಸ್ ಸಂಪರ್ಕ ಬದಲಿಸುವುದು, ಹಳೆಯ ಮಂಚ ಮಾರುವುದು ಎಲ್ಲವೂ ಮೊಬೈಲಿನಲ್ಲೇ ನಡೆಯುತ್ತದೆ. ವಂಚಕರಿಗೆ ಇದೇ ಸುಗ್ಗಿ. ಹಣ ಕಳೆದುಕೊಂಡು ನಮ್ಮ ಸಂಘಕ್ಕೆ ಬಂದವರಲ್ಲಿ ಕಾಲೇಜು ಉಪನ್ಯಾಸಕರಿದ್ದಾರೆ, ಬ್ಯಾಂಕಿನಲ್ಲೇ ದುಡಿದು ನಿವೃತ್ತರಾದವರೂ ಇದ್ದಾರೆ. ಈ ಊರಿನಲ್ಲಿ ಯಾವ ಕೆಲಸವನ್ನು ಯಾರು, ಹೇಗೆ ಮಾಡುತ್ತಾರೆ ಎಂಬುದಷ್ಟೇ ಅವರಿಗೆ ತಿಳಿದಿರಲಿಲ್ಲ.

ಮನೆಯಿಂದಲೇ ಶುರುಮಾಡೋಣ. ಹಾವೇರಿ ಕಡೆಯ ಒಂದು ಕುಟುಂಬ ವಿಜಯನಗರದ ಮನೆಯೊಂದರ ಜಾಹೀರಾತು ನೋಡಿತು. ಬಾಡಿಗೆ ಆ ಬೀದಿಯ ದರಕ್ಕಿಂತ ಅರ್ಧ. ಮಾಲೀಕನೆಂದು ಹೇಳಿಕೊಂಡವನು ತಾನು ಸೇನೆಯಲ್ಲಿದ್ದೇನೆ, ಸದ್ಯ ಗಡಿಯಲ್ಲಿದ್ದೇನೆ ಎಂದ. ಸಮವಸ್ತ್ರದ ಫೋಟೊ, ಗುರುತಿನ ಚೀಟಿ ಎಲ್ಲವೂ ವಾಟ್ಸ್‌ಆ್ಯಪ್‌ನಲ್ಲಿ ಬಂದವು. ಮನೆ ನೋಡಲು ಗೇಟ್ ಪಾಸಿಗೆಂದು ಎರಡು ಸಾವಿರ, ‘ಬೇರೆಯವರೂ ಕೇಳುತ್ತಿದ್ದಾರೆ’ ಎಂದು ಒಂದು ತಿಂಗಳ ಬಾಡಿಗೆಯಷ್ಟು ಟೋಕನ್. ಭಾನುವಾರ ಬೆಳಿಗ್ಗೆ ಮಕ್ಕಳನ್ನೂ ಕರೆದುಕೊಂಡು ಆ ವಿಳಾಸಕ್ಕೆ ಹೋದರೆ ಅಲ್ಲಿದ್ದದ್ದು ಶಟರ್ ಎಳೆದ ಟೈಲರ್ ಅಂಗಡಿ. ಪಕ್ಕದ ಕಾಂಡಿಮೆಂಟ್ಸ್‌ನವರು ನೋಡಿ, ‘ಈ ತಿಂಗಳಲ್ಲಿ ನೀವು ಮೂರನೆಯವರು’ ಎಂದರಂತೆ.

ಇಲ್ಲಿನ ರೂಢಿ ಹೀಗಿದೆ. ಮನೆ ತೋರಿಸಲು ಮಾಲೀಕರು ಹಣ ಕೇಳುವುದಿಲ್ಲ. ಬ್ರೋಕರ್ ಕಮಿಷನ್ ಮನೆ ಕುದುರಿದ ಮೇಲೆ. ಅಡ್ವಾನ್ಸ್ ಹತ್ತು ತಿಂಗಳ ಬಾಡಿಗೆಯವರೆಗೂ ಹೋಗಬಹುದು, ಚೌಕಾಸಿ ಮಾಡಲು ಸಂಕೋಚ ಬೇಡ. ಆದರೆ ಅದನ್ನು ಕೊಡುವುದು ಒಳಗೆ ಹೋಗಿ ನಲ್ಲಿ ತಿರುಗಿಸಿ ನೋಡಿ, ಕರಾರು ಪತ್ರ ಬರೆದ ಮೇಲೆ. ಕಂದಾಯದ ರಸೀದಿಯಲ್ಲಿ, ಕರಾರಿನಲ್ಲಿ, ಹಣ ಸೇರುವ ಬ್ಯಾಂಕ್ ಖಾತೆಯಲ್ಲಿ ಒಂದೇ ಹೆಸರಿರಬೇಕು. ನನ್ನನ್ನು ಕೇಳಿದರೆ, ಗೇಟಿಗೆ ಕಟ್ಟಿದ ‘ಟು ಲೆಟ್’ ಹಲಗೆ ಹುಡುಕುತ್ತಾ ಸಂಜೆ ಬೀದಿ ಸುತ್ತುವುದೇ ಈಗಲೂ ಒಳ್ಳೆಯ ದಾರಿ. ಕಾಲು ನೋಯುತ್ತದೆ, ಅಷ್ಟೇ.

ಭೋಗ್ಯಕ್ಕೆ ಹಾಕಿಕೊಳ್ಳುವವರು ಇನ್ನೂ ಹುಷಾರಾಗಿರಬೇಕು. ಮಧ್ಯವರ್ತಿ ನಿಮ್ಮಿಂದ ಲಕ್ಷಗಟ್ಟಲೆ ಪಡೆದು, ಮಾಲೀಕರಿಗೆ ತಿಂಗಳ ಬಾಡಿಗೆಯನ್ನಷ್ಟೇ ಕಟ್ಟುತ್ತಾ ಹೋಗಿ, ಒಂದು ದಿನ ಫೋನ್ ಆಫ್ ಮಾಡುವುದುಂಟು. ಮಾಲೀಕರನ್ನು ಎದುರು ಕೂರಿಸಿಕೊಳ್ಳದೆ ಸಹಿ ಬೇಡ. ಮನೆಯ ಮೇಲೆ ನೋಂದಾಯಿತ ಸಾಲವಿದೆಯೇ ಎಂದು ತಿಳಿಯಲು ನೋಂದಣಿ ಇಲಾಖೆಯ ‘ಕಾವೇರಿ’ ಪೋರ್ಟಲ್‌ನಲ್ಲಿ ಋಣಭಾರ ಪ್ರಮಾಣಪತ್ರ ತೆಗೆಸಿ ನೋಡಿ.

ಮನೆ ಸೇರಿದ ಮೇಲೆ ಕರೆಂಟಿನ ಸರದಿ. ‘ಹಿಂದಿನ ತಿಂಗಳ ಬಿಲ್ ಬಾಕಿ, ಇಂದು ರಾತ್ರಿ 9.30ಕ್ಕೆ ಸಂಪರ್ಕ ಕಡಿತ’ ಎಂಬ ಸಂದೇಶ, ಕೆಳಗೊಂದು ಮೊಬೈಲ್ ಸಂಖ್ಯೆ. ಹಿಂದಿನ ಬಾಡಿಗೆದಾರರು ಬಾಕಿ ಉಳಿಸಿ ಹೋಗಿರಬೇಕು ಎಂದು ಹೊಸಬರು ನಂಬಿಬಿಡುತ್ತಾರೆ. ಆ ಸಂಖ್ಯೆಗೆ ಫೋನ್ ಮಾಡಬೇಡಿ, ಬೆಸ್ಕಾಂ ಸಹಾಯವಾಣಿ 1912ಕ್ಕೆ ಮಾಡಿ. ಟ್ರಾಫಿಕ್ ದಂಡದ ಚಲನ್ ಎಂದೋ ಮದುವೆಯ ಕರೆಯೋಲೆ ಎಂದೋ ವಾಟ್ಸ್‌ಆ್ಯಪ್‌ಗೆ ಬರುವ ಎಪಿಕೆ ಫೈಲನ್ನೂ ತೆರೆಯಬೇಡಿ. ಅದು ಚೀಟಿಯಲ್ಲ, ಆ್ಯಪ್. ಒಳಗೆ ಕೂತರೆ ನಿಮ್ಮ ಒಟಿಪಿಗಳನ್ನು ಓದಬಲ್ಲದು.

ಹಳೆಯ ಸಾಮಾನು ಮಾರುವಾಗ ಇನ್ನೊಂದು ಆಟ. ಕೊಳ್ಳುವವನು ಮಂಚವನ್ನು ನೋಡುವುದಿಲ್ಲ, ಬೆಲೆ ಜಗ್ಗುವುದಿಲ್ಲ. ಅಲ್ಲೇ ಅನುಮಾನ ಬರಬೇಕು! ‘ಈ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿ ಪಿನ್ ಒತ್ತಿ, ಹಣ ಬರುತ್ತದೆ’ ಎನ್ನುತ್ತಾನೆ. ಯುಪಿಐ ಪಿನ್ ಒತ್ತಿದರೆ ಹಣ ನಿಮ್ಮ ಖಾತೆಯಿಂದ ಹೋಗುತ್ತದೆ. ಹಣ ಪಡೆಯಲು ಪಿನ್ ಬೇಕಾಗಿಲ್ಲ.

ಮನೆಯಲ್ಲಿ ಹಿರಿಯರು ಒಬ್ಬರೇ ಇರುವ ಹಗಲಿನಲ್ಲಿ ‘ನಿಮ್ಮ ಹೆಸರಿನ ಪಾರ್ಸೆಲ್‌ನಲ್ಲಿ ಮಾದಕವಸ್ತು ಸಿಕ್ಕಿದೆ’ ಎಂಬ ಕರೆ ಬರಬಹುದು. ಬಳಿಕ ವಿಡಿಯೋದಲ್ಲಿ ಪೊಲೀಸ್ ವೇಷದವನು, ‘ಕರೆ ಕಡಿಯಬೇಡಿ, ಯಾರಿಗೂ ಹೇಳಬೇಡಿ’ ಎಂಬ ಬೆದರಿಕೆ. ‘ಡಿಜಿಟಲ್ ಅರೆಸ್ಟ್’ ಎಂಬುದು ಕಾನೂನಿನಲ್ಲೇ ಇಲ್ಲ. 2024ರ ಅಕ್ಟೋಬರ್ 27ರ ‘ಮನ್ ಕಿ ಬಾತ್’ನಲ್ಲಿ ಪ್ರಧಾನಿಯವರೇ ಇದನ್ನು ಹೇಳಿದ್ದರು. ಅಪ್ಪ ಅಮ್ಮನಿಗೆ ಇದನ್ನು ಒಮ್ಮೆ ಕೂತು ವಿವರಿಸಿ, ಫಾರ್ವರ್ಡ್ ಮಾಡಿ ಸುಮ್ಮನಾಗಬೇಡಿ.

ಹಣ ಹೋಗಿಯೇಬಿಟ್ಟರೆ ಮನೆಯವರು ಬಯ್ಯುತ್ತಾರೆಂದು ಬೆಳಗಿನವರೆಗೆ ಕಾಯಬೇಡಿ. ತಕ್ಷಣ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಕರೆ ಮಾಡಿ, ಆಮೇಲೆ ಬ್ಯಾಂಕಿಗೆ. ಹಣ ಒಂದು ಖಾತೆಯಿಂದ ಇನ್ನೊಂದಕ್ಕೆ ಹಾರುವ ಮೊದಲೇ ತಡೆಹಿಡಿಯಲು ಸಾಧ್ಯವಾಗುವುದು ಆ ಮೊದಲ ಗಂಟೆಗಳಲ್ಲಿ. ಕೈಯಲ್ಲಿ ವಹಿವಾಟಿನ ಸಂಖ್ಯೆ, ಸಮಯ, ಮೊತ್ತ, ಕರೆ ಬಂದ ನಂಬರ್ ಇರಲಿ, ಚಾಟ್ ಅಳಿಸಬೇಡಿ. ಬಳಿಕ ನಿಮ್ಮ ವಿಭಾಗದ ಸಿಇಎನ್ ಠಾಣೆಗೆ ಹೋಗಿ. ಸೈಬರ್ ಅಪರಾಧದ ದೂರುಗಳನ್ನು ಅಲ್ಲಿ ನೋಡಿಕೊಳ್ಳುತ್ತಾರೆ. ದೂರನ್ನು ಕನ್ನಡದಲ್ಲೇ ಬರೆದುಕೊಡಬಹುದು. ಬರೆಯಲು ಕೈ ನಡುಗಿದರೆ ಸಂಘದಿಂದ ಒಬ್ಬರು ಜೊತೆಗೆ ಬರುತ್ತೇವೆ. ದೂರು ಕೊಟ್ಟ ವಾರದೊಳಗೆ ‘ಹೋದ ಹಣ ವಾಪಸ್ ಕೊಡಿಸುತ್ತೇವೆ, ಫೀಸು ಮಾತ್ರ ಕಟ್ಟಿ’ ಎಂದು ಯಾರಾದರೂ ಫೋನ್ ಮಾಡಿದರೆ, ಆ ನಂಬರನ್ನೂ ಅದೇ ದೂರಿಗೆ ಸೇರಿಸಿ.