ಮಗುವನ್ನು ಸೇರಿಸುವ ಮುನ್ನ ಶಾಲೆಯ ಲೆಕ್ಕ ಓದುವುದು ಹೇಗೆ

ಸೀಮೆಸುಣ್ಣದಿಂದ ಹಿಡಿದು ನಲ್ಲಿ ರಿಪೇರಿವರೆಗಿನ ಸಣ್ಣಪುಟ್ಟ ಖರ್ಚಿಗೆಂದು ಸರ್ಕಾರಿ ಶಾಲೆಗೆ ಸಮಗ್ರ ಶಿಕ್ಷಣ ಯೋಜನೆಯಿಂದ ಶಾಲಾ ಅನುದಾನ ಬರುತ್ತದೆ. ಎಷ್ಟು ಬರಬೇಕು ಎಂಬುದನ್ನು ನಿರ್ಧರಿಸುವುದು ದಾಖಲಾತಿ. ಮಾನದಂಡದ ಪ್ರಕಾರ 30 ಮಕ್ಕಳವರೆಗೆ ವರ್ಷಕ್ಕೆ 10,000 ರೂಪಾಯಿ, 31ರಿಂದ 100ರವರೆಗೆ 25,000, ಅಲ್ಲಿಂದ 250ರವರೆಗೆ 50,000, ಸಾವಿರದವರೆಗೆ 75,000, ಅದಕ್ಕೂ ಮೇಲಾದರೆ ಒಂದು ಲಕ್ಷ. 31 ಮಕ್ಕಳಿರುವ ಶಾಲೆಯಿಂದ ಒಂದು ಮಗುವನ್ನು ಬಿಡಿಸಿ ಪಕ್ಕದೂರಿನ ವ್ಯಾನ್ ಹತ್ತಿಸಿದರೆ ಈ ಶಾಲೆಗೆ 15,000 ಖೋತಾ. ಶಿಕ್ಷಕರ ಲೆಕ್ಕವೂ ಹೀಗೇ. ಶಿಕ್ಷಣ ಹಕ್ಕು ಕಾಯ್ದೆಯ ಅನುಸೂಚಿಯಂತೆ ಒಂದರಿಂದ ಐದನೇ ತರಗತಿವರೆಗೆ 60 ಮಕ್ಕಳಿದ್ದರೆ ಇಬ್ಬರು ಶಿಕ್ಷಕರು, 61 ಆದರೆ ಮೂವರು. ಮಂಡ್ಯ ಜಿಲ್ಲೆಯ ಹಳ್ಳಿಗಳಲ್ಲಿ ಬೆಳಿಗ್ಗೆ ಎಂಟಕ್ಕೆ ಸಾಲಾಗಿ ಹೊರಡುವ ಹಳದಿ ವ್ಯಾನ್‌ಗಳು ಮಕ್ಕಳ ಜೊತೆ ಆ ಊರಿನ ಶಾಲೆಯ ದುಡ್ಡನ್ನೂ, ಒಬ್ಬ ಮೇಷ್ಟ್ರನ್ನೂ ಕೂರಿಸಿಕೊಂಡೇ ಹೋಗುತ್ತವೆ.

ಹಾಗೆಂದು ಮಗುವನ್ನು ಎಲ್ಲಿ ಸೇರಿಸಬೇಕೆಂದು ಯಾರೂ ಯಾರಿಗೂ ಅಪ್ಪಣೆ ಕೊಡಲಾಗದು. ಆದರೆ ಬೋರ್ಡು, ಬಣ್ಣ, ಸಮವಸ್ತ್ರದ ಟೈ ನೋಡಿ ಆರಿಸುವ ಬದಲು ಶಾಲೆಯ ಕಡತ ನೋಡಿ ಆರಿಸಲು ಸಾಧ್ಯವಿದೆ. ಅದಕ್ಕೆ ಒಂದು ಮೊಬೈಲ್, ಒಂದು ನೋಟ್‌ಬುಕ್, ಎರಡು ಬೆಳಗಿನ ಪುರಸೊತ್ತು ಸಾಕು.

ಮೊದಲು 11 ಅಂಕಿ

ದೇಶದ ಪ್ರತಿ ಶಾಲೆಗೂ 11 ಅಂಕಿಯ ಯುಡೈಸ್ ಸಂಖ್ಯೆ ಇರುತ್ತದೆ. ಯುಡೈಸ್ ಎಂದರೆ ಶಾಲೆಗಳ ಅಂಕಿಅಂಶ ಸಂಗ್ರಹಿಸುವ ಸರ್ಕಾರಿ ವ್ಯವಸ್ಥೆ. ಕರ್ನಾಟಕದ್ದಾದರೆ ಅದು 29ರಿಂದ ಶುರು. ಸಾಮಾನ್ಯವಾಗಿ ಶಾಲೆಯ ಗೋಡೆಯ ಮೇಲೆ ಬರೆದಿರುತ್ತಾರೆ. ಇಲ್ಲದಿದ್ದರೆ ಸುತ್ತಲಿನ ಶಾಲೆಗಳ ಗುಂಪನ್ನು (ಕ್ಲಸ್ಟರ್) ನೋಡಿಕೊಳ್ಳುವ ಸಂಪನ್ಮೂಲ ವ್ಯಕ್ತಿ, ಅಂದರೆ ಸಿಆರ್‌ಪಿಯವರನ್ನು ಕೇಳಿ. ಯುಡೈಸ್ ಪ್ಲಸ್ ಜಾಲತಾಣದ ‘ನಿಮ್ಮ ಶಾಲೆ ತಿಳಿಯಿರಿ’ ವಿಭಾಗದಲ್ಲಿ ಸಂಖ್ಯೆ ಹಾಕಿದರೆ ದಾಖಲಾತಿ, ಶಿಕ್ಷಕರ ಸಂಖ್ಯೆ, ಕೊಠಡಿ, ಶೌಚಾಲಯ, ಕುಡಿಯುವ ನೀರು, ಕಂಪ್ಯೂಟರ್‌ ಎಲ್ಲದರ ವಿವರ ಸಿಗುತ್ತದೆ. ಖಾಸಗಿ ಶಾಲೆಯದ್ದೂ ಅಲ್ಲೇ ಇರುತ್ತದೆ. ಮನೆಗೆ ಹತ್ತಿರದ ಮೂರು ಶಾಲೆಗಳ ಹಾಳೆ ತೆಗೆದು ಪಕ್ಕಪಕ್ಕ ಇಟ್ಟುಕೊಳ್ಳಿ.

ಈ ಹಾಳೆಯನ್ನು ವೇದವಾಕ್ಯ ಎಂದುಕೊಳ್ಳಬೇಡಿ. ಅದನ್ನು ತುಂಬಿದವರು ಶಾಲೆಯವರೇ. ಎಡವಟ್ಟಾಗುವುದು ಹೆಚ್ಚಾಗಿ ಎರಡು ಕಡೆ. ‘ಬಳಕೆಯಲ್ಲಿದೆ’ ಎಂದು ಬರೆದ ಹೆಣ್ಣುಮಕ್ಕಳ ಶೌಚಾಲಯಕ್ಕೆ ಬೀಗ ಬಿದ್ದಿರುತ್ತದೆ, ಬೀಗದ ಕೈ ಸ್ಟಾಫ್ ರೂಮಿನಲ್ಲಿರುತ್ತದೆ. ಎರಡನೆಯದು ಶಿಕ್ಷಕರ ಸಂಖ್ಯೆ. ಪಟ್ಟಿಯಲ್ಲಿ ನಾಲ್ಕು ಹೆಸರಿರುತ್ತದೆ, ಒಬ್ಬರು ನಿಯೋಜನೆ ಮೇಲೆ ಬೇರೆಡೆ ಹೋಗಿರುತ್ತಾರೆ, ಅವರ ತರಗತಿಯನ್ನು ಅತಿಥಿ ಶಿಕ್ಷಕರು ನೋಡಿಕೊಳ್ಳುತ್ತಿರುತ್ತಾರೆ. ಆದ್ದರಿಂದ ‘ಎಷ್ಟು ಜನ ಟೀಚರ್ ಇದ್ದಾರೆ’ ಎಂದು ಕೇಳಬೇಡಿ. ‘ಇವತ್ತು ಎಷ್ಟು ಜನ ಪಾಠ ಮಾಡ್ತಿದ್ದಾರೆ, ಯಾರ್‍ಯಾರಿಗೆ ಯಾವ ತರಗತಿ’ ಎಂದು ಕೇಳಿ.

ಮಂಗಳವಾರವೋ ಬುಧವಾರವೋ ಹೋಗಿ

ಶನಿವಾರ ಬೆಳಗಿನ ಶಾಲೆ. ಅವತ್ತು ಹೋದರೆ ಅರ್ಧ ಚಿತ್ರ. ಊರಹಬ್ಬದ ಮಾರನೇ ದಿನ, ನಾಟಿ ಜೋರಾಗಿರುವ ವಾರ ಹೋದರೆ ಹಾಜರಿ ಕಡಿಮೆ ಇರುವುದು ಸಹಜ. ಅದನ್ನು ಶಾಲೆಯ ತಪ್ಪೆಂದು ಬರೆದುಕೊಳ್ಳುವುದು ಅನ್ಯಾಯ. ವಾರದ ಮಧ್ಯೆ, ಊಟದ ಗಂಟೆಗೆ ಅರ್ಧ ತಾಸು ಮುಂಚೆ ತಲುಪಿ. ನೇರವಾಗಿ ತರಗತಿಗೆ ನುಗ್ಗದೆ ಮುಖ್ಯ ಶಿಕ್ಷಕರ ಹತ್ತಿರ ಹೋಗಿ, ‘ಸರ್, ಮಗೂನ ಸೇರಿಸೋ ಯೋಚನೆ ಇದೆ, ಶಾಲೆ ಒಂದ್ಸಲ ನೋಡ್ಕೊಂಡು ಹೋಗಬೋದಾ’ ಎಂದರೆ ಬೇಡ ಎನ್ನುವವರು ಕಡಿಮೆ.

ಶಾಲೆಯ ಲೆಕ್ಕಪತ್ರದ ಶಿಸ್ತನ್ನು ತಿಳಿಯಲು ಅಡುಗೆಮನೆಗಿಂತ ಒಳ್ಳೆಯ ಜಾಗವಿಲ್ಲ. ಬಿಸಿಯೂಟದ ಮಾನದಂಡ ಗೊತ್ತಿದ್ದರೆ ಐದೇ ನಿಮಿಷದ ಕೆಲಸ. ಒಂದರಿಂದ ಐದನೇ ತರಗತಿಯ ಒಂದು ಮಗುವಿಗೆ ದಿನಕ್ಕೆ 100 ಗ್ರಾಂ ಧಾನ್ಯ, 20 ಗ್ರಾಂ ಬೇಳೆ, 50 ಗ್ರಾಂ ತರಕಾರಿ, 5 ಗ್ರಾಂ ಎಣ್ಣೆ. ಆರರಿಂದ ಎಂಟನೇ ತರಗತಿಯವರಿಗೆ 150, 30, 75 ಮತ್ತು ಏಳೂವರೆ ಗ್ರಾಂ. ಐದನೇ ತರಗತಿವರೆಗಿನ ಶಾಲೆಯಲ್ಲಿ ಅವತ್ತು 84 ಮಕ್ಕಳು ಉಂಡರು ಎಂದಿಟ್ಟುಕೊಳ್ಳಿ. ದಾಸ್ತಾನು ವಹಿಯಲ್ಲಿ 8 ಕೆ.ಜಿ. 400 ಗ್ರಾಂ ಅಕ್ಕಿ, 1 ಕೆ.ಜಿ. 680 ಗ್ರಾಂ ಬೇಳೆ, 4 ಕೆ.ಜಿ. 200 ಗ್ರಾಂ ತರಕಾರಿ ಖರ್ಚು ಬಿದ್ದಿರಬೇಕು. ಕ್ಷೀರಭಾಗ್ಯದ 150 ಮಿ.ಲೀ. ಹಾಲಿಗೆ ತಲಾ 18 ಗ್ರಾಂ ಪುಡಿ, ಅಂದರೆ 84 ಮಕ್ಕಳಿಗೆ ಒಂದೂವರೆ ಕೆ.ಜಿ.ಗಿಂತ ಒಂದು ಚಿಟಿಕೆ ಹೆಚ್ಚು.

ಈಗ ಮೂರು ಸಂಖ್ಯೆ ಹೋಲಿಸಿ: ತರಗತಿಯ ಹಾಜರಿ ಪುಸ್ತಕದಲ್ಲಿರುವುದು, ಊಟದ ವಹಿಯಲ್ಲಿರುವುದು, ಸಾಲಿನಲ್ಲಿ ತಟ್ಟೆ ಹಿಡಿದು ಕೂತ ಮಕ್ಕಳ ತಲೆ ಎಣಿಕೆ. ಒಂದೆರಡು ವ್ಯತ್ಯಾಸ ಏನೂ ಅಲ್ಲ, ಕೆಲವು ಮಕ್ಕಳು ಮನೆಗೆ ಹೋಗಿ ಉಣ್ಣುತ್ತಾರೆ. ಹತ್ತು ಹದಿನೈದರ ವ್ಯತ್ಯಾಸವಿದ್ದರೆ, ಅದೂ ಊಟದ ವಹಿಯ ಸಂಖ್ಯೆಯೇ ದೊಡ್ಡದಾಗಿದ್ದರೆ ಕಾರಣ ಕೇಳಿ. ತಿಂಗಳಿಡೀ ದಿನವೂ ಒಂದೇ ಸಂಖ್ಯೆ ಬಿದ್ದಿದ್ದರೆ ಅದು ಎಣಿಸಿ ಬರೆದ ಸಂಖ್ಯೆಯಲ್ಲ. ಮೈಸೂರು ನಗರದ ಕೆಲವು ಶಾಲೆಗಳಿಗೆ ಹೊರಗಿನ ದೊಡ್ಡ ಅಡುಗೆಮನೆಯಿಂದ ಊಟ ಬರುತ್ತದೆ. ಅಲ್ಲಿ ಅಕ್ಕಿ ತೂಗುವ ಪ್ರಶ್ನೆ ಬರುವುದಿಲ್ಲ. ವಾಹನ ಬಂದ ಹೊತ್ತು, ಇಳಿಸಿಕೊಂಡ ಪ್ರಮಾಣಕ್ಕೆ ಶಾಲೆಯವರು ಹಾಕಿದ ಸಹಿ ನೋಡಿದರಾಯಿತು.

ಅನುದಾನದ ಪುಸ್ತಕ

ನೋಡಬೇಕಾದ್ದು ನಾಲ್ಕು: ನಗದು ಪುಸ್ತಕ, ವೋಚರ್ ಕಡತ, ದಾಸ್ತಾನು ವಹಿ, ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯ (ಎಸ್‌ಡಿಎಂಸಿ) ಸಭೆಯ ನಡಾವಳಿ ಪುಸ್ತಕ. ಯಾವುದೇ ಒಂದು ಖರ್ಚನ್ನು ಹಿಡಿದು ನಾಲ್ಕರಲ್ಲೂ ಹಿಂಬಾಲಿಸಿ. ಉದಾಹರಣೆಗೆ ಎರಡು ಸೀಲಿಂಗ್ ಫ್ಯಾನ್. ತರಬೇಕೆಂದು ನಡಾವಳಿಯಲ್ಲಿ ತೀರ್ಮಾನ ಆಗಿರಬೇಕು, ಬಿಲ್ಲಿನ ತಾರೀಖು ಆ ಸಭೆಯ ನಂತರದ್ದಾಗಿರಬೇಕು, ನಗದು ಪುಸ್ತಕದಲ್ಲಿ ಅದೇ ಮೊತ್ತ ಬಿದ್ದಿರಬೇಕು, ದಾಸ್ತಾನು ವಹಿಯಲ್ಲಿ ಫ್ಯಾನ್ ಏರಿರಬೇಕು. ಕೊನೆಗೆ ತಲೆ ಎತ್ತಿ ನೋಡಿದರೆ ಫ್ಯಾನ್ ತಿರುಗುತ್ತಿರಬೇಕು.

ಸಂಶಯಪಡಬೇಕಾದ ಗುರುತುಗಳಿವೆ. ಬಿಲ್ಲುಗಳೆಲ್ಲ ದುಂಡು ಮೊತ್ತದಲ್ಲಿರುವುದು. ಬೇರೆ ಬೇರೆ ತಿಂಗಳ ತಾರೀಖಿದ್ದರೂ ಬಿಲ್ ಸಂಖ್ಯೆ ಮಾತ್ರ 41, 42, 43 ಎಂದು ಒಂದರ ಹಿಂದೆ ಒಂದಿರುವುದು. ‘ಇತರೆ’ ಎಂಬ ಬಾಬತ್ತು ಉಳಿದೆಲ್ಲಕ್ಕಿಂತ ದಪ್ಪಗಿರುವುದು. ಆದರೆ ಜಿಎಸ್‌ಟಿ ಸಂಖ್ಯೆ ಇಲ್ಲ ಎಂಬ ಒಂದೇ ಕಾರಣಕ್ಕೆ ಬಿಲ್ ಸುಳ್ಳು ಎನ್ನಬೇಡಿ, ಊರಿನ ಸಣ್ಣ ಅಂಗಡಿಗೆ ನೋಂದಣಿ ಇರಬೇಕೆಂದೇನಿಲ್ಲ. ಅನುದಾನದಲ್ಲಿ ಕನಿಷ್ಠ ಶೇ 10ರಷ್ಟನ್ನು ಸ್ವಚ್ಛತೆಗೆ ಇಡಬೇಕು. 25,000ದಲ್ಲಿ ಅದು 2,500. ಆ ದುಡ್ಡು ಖರ್ಚಾಗಿದೆ ಎಂದಿದ್ದೂ ಶೌಚಾಲಯದಲ್ಲಿ ಬಕೆಟ್ ಇಲ್ಲವೆಂದರೆ ಮಾತು ಎತ್ತಲು ಅಷ್ಟು ಸಾಕು.

ಮಾರ್ಚ್ ಕೊನೆಯ ವಾರ ಬಿಲ್ಲುಗಳು ಗುಡ್ಡೆ ಬಿದ್ದಿದ್ದರೆ ಮುಖ್ಯ ಶಿಕ್ಷಕರನ್ನು ಕಳ್ಳರಂತೆ ನೋಡುವ ಮೊದಲು ಒಂದು ವಿಷಯ ತಿಳಿದಿರಲಿ. 2021ರ ಜುಲೈನಿಂದ ಸಮಗ್ರ ಶಿಕ್ಷಣದಂಥ ಕೇಂದ್ರ ಪುರಸ್ಕೃತ ಯೋಜನೆಗಳ ದುಡ್ಡು ರಾಜ್ಯಮಟ್ಟದ ಒಂದೇ ನೋಡಲ್ ಖಾತೆಯಲ್ಲಿ ಇರುತ್ತದೆ. ಶಾಲೆಯ ಖಾತೆ ಶೂನ್ಯ ಶಿಲ್ಕಿನದು. ಅದಕ್ಕೆ ಸಿಗುವುದು ಖರ್ಚಿನ ಮಿತಿ ಮಾತ್ರ. ವರ್ಷದ ಕೊನೆಗೆ ಬಳಸದೆ ಉಳಿದ ಮಿತಿ ಶಾಲೆಯ ಕೈ ತಪ್ಪಬಹುದು. ಕಂತು ತಡವಾಗಿ ಬಂದರೆ ಬೇಕಾದ್ದು ಬೇಡದ್ದು ಎಲ್ಲ ಮಾರ್ಚ್‌ನಲ್ಲೇ ಖರೀದಿಯಾಗುತ್ತದೆ. ಹಾಗಾಗಿ ‘ಯಾಕೆ ಮಾರ್ಚ್‌ನಲ್ಲಿ ಕೊಂಡಿರಿ’ ಎಂಬುದಕ್ಕಿಂತ ‘ಮಿತಿ ಬಂದ ತಾರೀಖು ಯಾವುದು’ ಎಂಬುದು ಸರಿಯಾದ ಪ್ರಶ್ನೆ. ಅದಕ್ಕೆ ಉತ್ತರ ಕೊಡಬೇಕಾದವರು ಶಾಲೆಯ ಗೇಟಿನಾಚೆ ಇದ್ದಾರೆ.

ಅನುದಾನಿತ, ಖಾಸಗಿ

ಅನುದಾನಿತ ಶಾಲೆಯ ಆಡಳಿತ ಮಂಡಳಿ ಖಾಸಗಿಯಾದರೂ ಅನುದಾನಿತ ಹುದ್ದೆಯ ಶಿಕ್ಷಕರ ಸಂಬಳ ಸರ್ಕಾರದ್ದು. ಅಲ್ಲಿ ವಿಚಾರಿಸಬೇಕಾದ್ದು ಅನುದಾನಿತ ಹುದ್ದೆ ಎಷ್ಟು, ಅದರಲ್ಲಿ ಖಾಲಿ ಎಷ್ಟು. ನಿವೃತ್ತರಾದವರ ಜಾಗ ತುಂಬದೆ, ಮಂಡಳಿಯೇ ಕಡಿಮೆ ಸಂಬಳಕ್ಕೆ ಯಾರನ್ನೋ ಇಟ್ಟುಕೊಂಡು, ಆ ಸಂಬಳವನ್ನು ಪೋಷಕರಿಂದ ಬೇರೆ ಹೆಸರಲ್ಲಿ ವಸೂಲು ಮಾಡುವುದುಂಟು. ಹಣ ಕಟ್ಟುವಾಗ ಪ್ರತಿ ರೂಪಾಯಿಗೂ ಶಾಲೆಯ ಹೆಸರಿನ ರಸೀದಿ ಕೇಳಿ. ಟ್ರಸ್ಟ್ ಹೆಸರಿನಲ್ಲಿ ‘ಕೊಡುಗೆ’ ಎಂದು ರಸೀದಿ ಕೊಟ್ಟರೆ ಅದು ಶುಲ್ಕವಲ್ಲ. ಶಿಕ್ಷಣ ಹಕ್ಕು ಕಾಯ್ದೆಯ 13ನೇ ಸೆಕ್ಷನ್ ಪ್ರಕಾರ ವಂತಿಗೆ ಪಡೆದರೆ ಅದರ ಹತ್ತು ಪಟ್ಟಿನವರೆಗೆ ದಂಡ ಹಾಕಬಹುದು. ಸೇರಿಸಿಕೊಳ್ಳಲು ಮಗುವಿಗೋ ಅಪ್ಪ ಅಮ್ಮನಿಗೋ ಸಂದರ್ಶನ ನಡೆಸಿದರೆ ಮೊದಲ ಸಲ 25,000 ರೂಪಾಯಿವರೆಗೆ ದಂಡ.

ಖಾಸಗಿ ಶಾಲೆಯಲ್ಲಿ ಮೊದಲು ನೋಡಬೇಕಾದ್ದು ಮಾನ್ಯತೆ. ಐದನೇ ತರಗತಿವರೆಗೆ ಮಾತ್ರ ಅನುಮತಿ ಇದ್ದು ಆರು, ಏಳು ನಡೆಸುವುದು, ರಾಜ್ಯ ಪಠ್ಯಕ್ರಮಕ್ಕೆ ಅನುಮತಿ ಪಡೆದು ಗೇಟಿನ ಮೇಲೆ ಸಿಬಿಎಸ್‌ಇ ಎಂದು ಬರೆಸುವುದು ಹೊಸದಲ್ಲ. ಸಂಯೋಜನೆ (ಅಫಿಲಿಯೇಷನ್) ಸಂಖ್ಯೆ ಕೇಳಿ ಪಡೆದು, ಸಿಬಿಎಸ್‌ಇಯ ಜಾಲತಾಣದ ಪಟ್ಟಿಯಲ್ಲಿ ಶಾಲೆಯ ಹೆಸರು ಮತ್ತು ವಿಳಾಸ ಎರಡೂ ತಾಳೆಯಾಗುತ್ತವೆಯೇ ನೋಡಿ. ಅದೇ ಸಂಸ್ಥೆಯ ಬೇರೆ ಶಾಖೆಯ ಸಂಖ್ಯೆ ಕೊಟ್ಟಿರಬಹುದು.

ಶಿಕ್ಷಣ ಹಕ್ಕು ಕಾಯ್ದೆಯಡಿ ಖಾಸಗಿ ಶಾಲೆಯಲ್ಲಿನ ಶೇ 25ರ ಉಚಿತ ಸೀಟಿನ ಬಗ್ಗೆ ಈಗಲೂ ಕೇಳುವವರಿದ್ದಾರೆ. 2019–20ರಿಂದ ಜಾರಿಯಾದ ನಿಯಮ ತಿದ್ದುಪಡಿಯಂತೆ, ನೆರೆಹೊರೆಯಲ್ಲಿ ಸರ್ಕಾರಿ ಅಥವಾ ಅನುದಾನಿತ ಶಾಲೆ ಇದ್ದರೆ ಅನುದಾನರಹಿತ ಶಾಲೆಯಲ್ಲಿ ಆ ಸೀಟು ಸಿಗುವುದಿಲ್ಲ. ಮೈಸೂರು ನಗರದಲ್ಲಾಗಲಿ ಮಂಡ್ಯದ ಬಯಲಿನಲ್ಲಾಗಲಿ ಒಂದು ಕಿ.ಮೀ. ಒಳಗೆ ಇಂಥ ಶಾಲೆ ಇಲ್ಲದ ಜಾಗ ಹುಡುಕಬೇಕು. ಹೀಗಾಗಿ ಖಾಸಗಿ ಶಾಲೆಯ ಆಯ್ಕೆ ಎಂದರೆ ಬಹುತೇಕರಿಗೆ ಸ್ವಂತ ಜೇಬಿನ ಆಯ್ಕೆ.

ಶುಲ್ಕ ಬಾಕಿ ಎಂದು ಟಿಸಿ ಹಿಡಿದಿಟ್ಟುಕೊಂಡರೆ? ಕಾಯ್ದೆಯ 5ನೇ ಸೆಕ್ಷನ್ ಪ್ರಕಾರ, ಟಿಸಿ ತಡವಾಯಿತೆಂದು ಸರ್ಕಾರಿ ಅಥವಾ ಅನುದಾನಿತ ಶಾಲೆ ಮಗುವನ್ನು ವಾಪಸ್ ಕಳಿಸುವಂತಿಲ್ಲ. ಮೊದಲು ಸೇರಿಸಿ, ಆಮೇಲೆ ಟಿಸಿಗೆ ಲಿಖಿತ ಅರ್ಜಿ ಕೊಡಿ.

ಬಾಯಲ್ಲಿ ಕೇಳಿದ್ದು ಸಿಗದಿದ್ದರೆ

ಮಾಹಿತಿ ಹಕ್ಕು ಅರ್ಜಿ. ಸರ್ಕಾರಿ ಪ್ರಾಥಮಿಕ ಶಾಲೆಯ ವಿಚಾರವಾದರೆ ಕ್ಷೇತ್ರ ಶಿಕ್ಷಣಾಧಿಕಾರಿ (ಬಿಇಒ) ಕಚೇರಿಯ ಸಾರ್ವಜನಿಕ ಮಾಹಿತಿ ಅಧಿಕಾರಿಗೆ ಬರೆಯಿರಿ. ಮೈಸೂರು ನಗರದಲ್ಲೂ ಮಂಡ್ಯ ತಾಲ್ಲೂಕಿನಲ್ಲೂ ಉತ್ತರ ವಲಯ, ದಕ್ಷಿಣ ವಲಯ ಎಂದು ಎರಡೆರಡು ಬಿಇಒ ಕಚೇರಿಗಳಿವೆ, ಶಾಲೆ ಯಾವುದಕ್ಕೆ ಸೇರಿದೆ ತಿಳಿದುಕೊಳ್ಳಿ. ತಪ್ಪಿ ಬೇರೆ ಕಚೇರಿಗೆ ಹೋದರೂ ಐದು ದಿನದೊಳಗೆ ಸರಿಯಾದ ಕಡೆ ವರ್ಗಾಯಿಸುವುದು ಅವರ ಕೆಲಸ. ಶುಲ್ಕ 10 ರೂಪಾಯಿ, ಪೋಸ್ಟಲ್ ಆರ್ಡರ್ ಆದರೆ ದಾಖಲೆ ಉಳಿಯುತ್ತದೆ. ಬಿಪಿಎಲ್ ಕಾರ್ಡಿನ ಪ್ರತಿ ಲಗತ್ತಿಸಿದರೆ ಶುಲ್ಕವಿಲ್ಲ.

ಅರ್ಜಿಗಳು ಬಿದ್ದುಹೋಗುವುದು ಎರಡು ಕಾರಣಕ್ಕೆ. ಕರ್ನಾಟಕದ ನಿಯಮದಂತೆ ಒಂದು ಅರ್ಜಿಯಲ್ಲಿ ಒಂದೇ ವಿಷಯ, 150 ಪದದ ಮಿತಿ. ಅನುದಾನ, ಬಿಸಿಯೂಟ, ಶಿಕ್ಷಕರ ರಜೆ ಎಲ್ಲವನ್ನೂ ಒಂದೇ ಹಾಳೆಯಲ್ಲಿ ತುಂಬಿದರೆ ವಾಪಸ್ ಬರುತ್ತದೆ. ಇನ್ನೊಂದು, ‘ಏಕೆ’ ಎಂದು ಕೇಳುವುದು. ಕಾಯ್ದೆ ಕೊಡಿಸುವುದು ದಾಖಲೆಯನ್ನು, ವಿವರಣೆಯನ್ನಲ್ಲ. ‘ಶೌಚಾಲಯ ಏಕೆ ರಿಪೇರಿಯಾಗಿಲ್ಲ’ ಎನ್ನುವ ಬದಲು ಹೀಗೆ ಬರೆಯಿರಿ:

‘ಯುಡೈಸ್ ಸಂಖ್ಯೆ ಇಂಥದ್ದರ ಶಾಲೆಗೆ ಕಳೆದ ಆರ್ಥಿಕ ವರ್ಷದಲ್ಲಿ ಬಿಡುಗಡೆಯಾದ ಶಾಲಾ ಅನುದಾನದ ಮೊತ್ತ ಮತ್ತು ದಿನಾಂಕ, ಅದೇ ಅವಧಿಯ ನಗದು ಪುಸ್ತಕದ ಪುಟಗಳು, ವೋಚರ್‌ಗಳು ಹಾಗೂ ಹಣ ಬಳಕೆ ಪ್ರಮಾಣಪತ್ರದ ದೃಢೀಕೃತ ಪ್ರತಿ ನೀಡಿ.’

ಉತ್ತರಕ್ಕೆ 30 ದಿನ. ಗಡುವು ಮೀರಿದರೆ ಪ್ರತಿಗಳನ್ನು ಉಚಿತವಾಗಿ ಕೊಡಬೇಕು. ಬಾರದಿದ್ದರೆ ಮತ್ತೆ 30 ದಿನದೊಳಗೆ ಮೊದಲ ಮೇಲ್ಮನವಿ. ಅದಕ್ಕೂ ಜಗ್ಗದಿದ್ದರೆ 90 ದಿನದೊಳಗೆ ಕರ್ನಾಟಕ ಮಾಹಿತಿ ಆಯೋಗ. ಅನುದಾನರಹಿತ ಶಾಲೆಗೆ ನೇರವಾಗಿ ಅರ್ಜಿ ಹಾಕಿದರೆ ಸಾಮಾನ್ಯವಾಗಿ ಪ್ರಯೋಜನವಿಲ್ಲ. ಆದರೆ ಅದು ಬಿಇಒ ಕಚೇರಿಗೆ ಸಲ್ಲಿಸಿದ ಮಾನ್ಯತೆ ಪತ್ರ, ಕಟ್ಟಡ ಸುರಕ್ಷತೆಯ ಕಾಗದಗಳನ್ನು ಬಿಇಒ ಕಚೇರಿಯಿಂದಲೇ ಕೇಳಬಹುದು. ಹೆಚ್ಚಿನವರಿಗೆ ಈ ದಾರಿ ಗೊತ್ತಿಲ್ಲ.

ಸೇರಿಸಿದ ಮೇಲೆ

ಸರ್ಕಾರಿ ಶಾಲೆಗೆ ಸೇರಿಸಿದ ಪೋಷಕರಿಗೆ ಖಾಸಗಿ ಶಾಲೆ ಕೊಡದ ಒಂದು ಕುರ್ಚಿ ಸಿಗುತ್ತದೆ, ಎಸ್‌ಡಿಎಂಸಿಯದು. ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ ಸಮಿತಿಯ ಮುಕ್ಕಾಲು ಪಾಲು ಪೋಷಕರಿರಬೇಕು, ಒಟ್ಟು ಸದಸ್ಯರಲ್ಲಿ ಅರ್ಧ ಹೆಂಗಸರು. ಅನುದಾನದ ಬಳಕೆ ನೋಡುವುದು ಅದರ ಕೆಲಸವೆಂದು 21ನೇ ಸೆಕ್ಷನ್‌ನಲ್ಲೇ ಬರೆದಿದೆ. ವಾಸ್ತವದಲ್ಲಿ ಅಧ್ಯಕ್ಷರ ಆಯ್ಕೆಗೆ ಊರ ರಾಜಕೀಯ ನುಗ್ಗುತ್ತದೆ, ಮಹಿಳಾ ಸದಸ್ಯರ ಸಹಿಗೆ ಪುಸ್ತಕ ಮನೆಗೇ ಬರುತ್ತದೆ. ಮನೆಗೆ ಬಂದ ಪುಸ್ತಕಕ್ಕೆ ಸಹಿ ಹಾಕಬೇಡಿ. ಸಭೆಗೆ ಹೋಗಿ, ನಡಾವಳಿ ಓದಿಸಿ, ಖಾಲಿ ಬಿಟ್ಟ ಸಾಲುಗಳಿಗೆ ಅಡ್ಡಗೆರೆ ಎಳೆಸಿದ ಮೇಲೆ ಸಹಿ ಹಾಕಿ.

ಒಂದು ತಾರೀಖು ಮರೆಯಬೇಡಿ, ಸೆಪ್ಟೆಂಬರ್ 30. ಯುಡೈಸ್ ಮಾಹಿತಿಗೆ ಆಧಾರವಾಗುವ ದಿನ ಅದು. ಅದಕ್ಕೆ ಮುಂಚಿನ ಸಭೆಯಲ್ಲಿ ಶಾಲೆಯವರು ತುಂಬುವ ನಮೂನೆಯನ್ನು ಗಟ್ಟಿಯಾಗಿ ಓದಲು ಹೇಳಿ. ಶಾಲೆಯ ಮರ್ಯಾದೆ ಹೋದೀತೆಂದು ಕೆಟ್ಟ ಶೌಚಾಲಯವನ್ನು ‘ಬಳಕೆಯಲ್ಲಿದೆ’ ಎಂದು ಬರೆಯುವುದು ಅಭ್ಯಾಸವಾಗಿಬಿಟ್ಟಿದೆ. ಹಾಗೆ ಬರೆದರೆ ದುರಸ್ತಿ ಬೇಕೆಂದು ಆಮೇಲೆ ಹಾಕುವ ಅರ್ಜಿಗೆ ಶಾಲೆಯದೇ ಅಂಕಿ ಅಡ್ಡ ನಿಲ್ಲುತ್ತದೆ. ಕೆಟ್ಟಿದ್ದರೆ ಕೆಟ್ಟಿದೆ ಎಂದೇ ಬರೆಸಿ.